ಜರ್ಮನಿಗೆ ಹೊರಡುವ ಶುಶ್ರೂಷಾ ವಿದ್ಯಾರ್ಥಿಗಳು: ಮನೆಯವರು ಕೇಳದ ಪ್ರಶ್ನೆ

ಪಿಯುಸಿ ಮುಗಿಸಿದ ಮಕ್ಕಳನ್ನು ನರ್ಸಿಂಗ್ ಶಿಕ್ಷಣಕ್ಕೆ ಹೊರದೇಶಕ್ಕೆ ಕಳುಹಿಸುವ ವಿಚಾರ ಈಗ ನಮ್ಮ ಹಳ್ಳಿಯ ಮನೆಗಳನ್ನೂ ತಲುಪಿದೆ. ಈ ಕುರಿತು ಸಲಹೆ ಕೇಳುವ ತಂದೆತಾಯಿಗಳ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು: ಖರ್ಚೆಷ್ಟು, ಸಂಬಳವೆಷ್ಟು, ಅಲ್ಲಿಯೇ ನೆಲೆಸಲು ಅವಕಾಶವುಂಟೇ? ಇವು ಕೇಳಲೇಬೇಕಾದವು. ಆದರೆ ತಮ್ಮ ಮಗಳೋ ಮಗನೋ ಅಲ್ಲಿ ದಿನವಿಡೀ ಕೈಯಾರೆ ಯಾವ ಕೆಲಸ ಮಾಡಬೇಕಾಗುತ್ತದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನೇ ಮೊದಲು ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಇಂದು ಹೆಚ್ಚಾಗಿ ಕೇಳಿಬರುವ ಹೆಸರು ಜರ್ಮನಿ. ಅಲ್ಲಿ ಶುಶ್ರೂಷೆಯನ್ನು ಕಲಿಯುವ ಮುಖ್ಯ ಮಾರ್ಗವು ನಮ್ಮ ಕಾಲೇಜು ಪದ್ಧತಿಗಿಂತ ಭಿನ್ನವಾದುದು. ಅದನ್ನು ಆಸ್‌ಬಿಲ್ಡುಂಗ್ ಎನ್ನುತ್ತಾರೆ. ಕಲಿಯುತ್ತ ದುಡಿಯುವ ತರಬೇತಿ ಎಂದು ತಿಳಿಯಬಹುದು. 2020ರಲ್ಲಿ ಜಾರಿಗೆ ಬಂದ ಕಾನೂನಿನಂತೆ ಅವಧಿ ಮೂರು ವರ್ಷ. ಶಾಲೆಯ ಪಾಠ 2,100 ಗಂಟೆ, ಪ್ರಾಯೋಗಿಕ ಕೆಲಸ 2,500 ಗಂಟೆ. ಬೋಧನಾ ಶುಲ್ಕವಿಲ್ಲ, ಬದಲಾಗಿ ವಿದ್ಯಾರ್ಥಿಗೇ ತಿಂಗಳ ಭತ್ಯೆ ದೊರೆಯುತ್ತದೆ. ಸಾರ್ವಜನಿಕ ಆಸ್ಪತ್ರೆಗಳ ಒಪ್ಪಂದದಂತೆ 2024ರಲ್ಲಿ ಮೊದಲ ವರ್ಷದವರಿಗೆ ಇದು ಸುಮಾರು 1,340 ಯೂರೋ ಇತ್ತು. ಅದರಲ್ಲಿ ಆರೋಗ್ಯ ವಿಮೆ, ಪಿಂಚಣಿ ಮೊದಲಾದವುಗಳ ಕಡಿತವಿದೆ. ಬಾಡಿಗೆ, ಊಟ ಆ ಮೇಲಿನ ಮಾತು. ಊರಿಗೆ ಹಣ ಕಳುಹಿಸುವ ಲೆಕ್ಕವನ್ನು ಮೊದಲ ಮೂರು ವರ್ಷ ಯಾರೂ ಹಾಕಬಾರದು.

ಇನ್ನು ಕೆಲಸದ ಮಾತು. ವಿದ್ಯಾರ್ಥಿಯು ಆಸ್ಪತ್ರೆಯಲ್ಲಿ ಮಾತ್ರವಲ್ಲ, ವೃದ್ಧರ ಆರೈಕೆಯ ನಿಲಯದಲ್ಲಿ ಮತ್ತು ರೋಗಿಗಳ ಮನೆಗಳಿಗೇ ಹೋಗಿ ಆರೈಕೆ ಮಾಡುವ ಸೇವೆಯಲ್ಲಿ ಕೂಡ ತಲಾ 400 ಗಂಟೆಗಳ ಕಡ್ಡಾಯ ತರಬೇತಿ ಪಡೆಯಬೇಕು. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಮೈ ತೊಳೆಸುವುದು, ಬೆಡ್‌ಪ್ಯಾನ್ ಇಡುವುದು, ತುತ್ತು ತಿನ್ನಿಸುವುದು ಹೆಚ್ಚಾಗಿ ಜೊತೆಗಿರುವ ಬಂಧುಗಳ ಅಥವಾ ಆಯಾಗಳ ಪಾಲಿಗೆ ಬರುತ್ತದೆ. ನರ್ಸ್ ಎಂದರೆ ಚುಚ್ಚುಮದ್ದು, ಸಲೈನ್, ದಾಖಲೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಅಲ್ಲಿ ಹಾಗಲ್ಲ. ಮೈ ತೊಳೆಯುವುದು, ಬಾಯಿ ಶುದ್ಧಿ ಮಾಡುವುದು, ಮಲಮೂತ್ರದ ಬಟ್ಟೆ ಬದಲಿಸುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಇವೆಲ್ಲವೂ ಶುಶ್ರೂಷೆಯ ತಿರುಳೇ. ಮೈ ತೊಳೆಸುವಾಗಲೇ ಚರ್ಮದ ಕೆಂಪು, ಕಾಲಿನ ಬಾವು, ಉಸಿರಿನ ಏರಿಳಿತ ಕಣ್ಣಿಗೆ ಬೀಳುತ್ತವೆ. ವಿದ್ಯಾರ್ಥಿಗೆ ಇದೂ ಪಾಠವೇ. ಇದನ್ನು ತಿಳಿಯದೆ ಹೋದ ಮಗುವಿಗೆ ಮಾತ್ರ, ಕಲಿಯಲು ಬಂದವರನ್ನು ಕೂಲಿಗೆ ಹಚ್ಚಿದ್ದಾರೆ ಎನ್ನಿಸುತ್ತದೆ.

ಈ ಸಂಕೋಚ ನಮ್ಮದಷ್ಟೇ ಅಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಅವರೂ ಶುಶ್ರೂಷೆಯನ್ನು ಕಲಿಯಲು ತಮ್ಮ ಇಂಗ್ಲೆಂಡ್ ಬಿಟ್ಟು ಜರ್ಮನಿಗೇ ಹೋದವರು. 1851ರಲ್ಲಿ ಡ್ಯೂಸೆಲ್‌ಡಾರ್ಫ್ ಸಮೀಪದ ಕೈಸರ್ಸ್‌ವರ್ತ್‌ನ ಸೇವಾಶ್ರಮದಲ್ಲಿ ಸುಮಾರು ಮೂರು ತಿಂಗಳು ಇದ್ದು ಅವರು ಕಲಿತರು. ಸಿರಿವಂತರಾಗಿದ್ದ ಅವರ ಮನೆಯವರು ಶುಶ್ರೂಷೆಯನ್ನು ಕೀಳು ಕೆಲಸವೆಂದು ಬಗೆದು ವರ್ಷಗಟ್ಟಲೆ ವಿರೋಧಿಸಿದ್ದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ತರಬೇತಿ ಶಾಲೆ ತೆರೆದದ್ದು ಆ ಬಳಿಕದ ಕಥೆ.

ಅವರ ಮನೆಯವರಿಗೆ ಕಾಯಕದ ತತ್ತ್ವ ತಿಳಿದಿರಲಿಲ್ಲವೆನ್ನೋಣ. ನಮಗೆ ತಿಳಿದಿದೆ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು, ಸತ್ಯಕ್ಕ ಅಂಗಳ ಗುಡಿಸಿದರು, ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದರು. ಇವರನ್ನು ವೇದಿಕೆಯ ಮೇಲೆ ಸ್ಮರಿಸುವ ನಾವೇ ಮದುವೆಯ ಮಾತುಕತೆಯಲ್ಲಿ ‘ಹುಡುಗಿ ಜರ್ಮನಿಯಲ್ಲಿ ಆಸ್ಪತ್ರೆಯಲ್ಲಿದ್ದಾಳೆ’ ಎಂದು ಹೇಳಿ ಕೆಲಸದ ಹೆಸರನ್ನು ನುಂಗುತ್ತೇವೆ. ಮಗಳು ಕಳುಹಿಸುವ ಯೂರೋ ಬೇಕು, ಅವಳ ಕೈಯ ಕೆಲಸ ಹೇಳಲು ನಾಚಿಕೆ. ಪರದೇಶದಲ್ಲಿ ದಣಿದು ಮಲಗುವ ಹೊತ್ತಿಗೆ ಮನೆಗೆ ದೂರವಾಣಿ ಮಾಡಿ ಇಂದಿನ ಕೆಲಸವೇನಿತ್ತು ಎಂಬುದನ್ನು ಮುಚ್ಚಿಡಬೇಕಾದ ಮಗುವಿನ ಒಂಟಿತನವನ್ನು ಯೋಚಿಸಿ. ಕೇಳಲು ಮನಸ್ಸಿಲ್ಲದ ಮನೆಯವರು ಮಕ್ಕಳನ್ನು ಈ ವೃತ್ತಿಗೆ ಕಳುಹಿಸದಿರುವುದೇ ಲೇಸು.

ಆಹಾರದ ವಿಷಯ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಸಸ್ಯಾಹಾರಿಯಾಗಿ ಬಾಳುವುದು ಕಷ್ಟವಲ್ಲ; ಬೇಳೆಕಾಳು, ಹಾಲು, ಮೊಸರು, ತರಕಾರಿ ಎಲ್ಲವೂ ದೊರೆಯುತ್ತವೆ. ಆದರೆ ಕೈ ನಡುಗುವ ವೃದ್ಧರೊಬ್ಬರಿಗೆ ಅವರ ತಟ್ಟೆಯಲ್ಲಿರುವ ಮಾಂಸವನ್ನು ಕತ್ತರಿಸಿ ತಿನ್ನಿಸುವ ದಿನ ಬಂದೇ ಬರುತ್ತದೆ. ಒಲ್ಲೆನೆನ್ನಲು ಆಗದು. ನಮ್ಮ ವ್ರತ ನಮ್ಮ ತಟ್ಟೆಗೆ, ರೋಗಿಯ ತಟ್ಟೆಗಲ್ಲ ಎಂಬುದು ನನ್ನ ನಿಲುವು. ಒಪ್ಪದವರಿರಬಹುದು, ಅವರು ಈ ಚರ್ಚೆಯನ್ನು ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಮನೆಯಲ್ಲಿ ಮಾಡಿ ಮುಗಿಸಲಿ. ಬೆಳಗಿನ ಪಾಳಿ ನಸುಕಿನ ಆರು ಗಂಟೆಯ ಆಸುಪಾಸಿಗೆ ಆರಂಭವಾಗುವುದರಿಂದ ಇಷ್ಟಲಿಂಗ ಪೂಜೆಗೆ ಇನ್ನೂ ಮುಂಚೆ ಏಳಬೇಕು. ಸೋಂಕು ಹರಡದಿರಲು ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಡಬೇಕು; ಕೊರಳಿನ ಇಷ್ಟಲಿಂಗವು ರೋಗಿಯ ಮೇಲೆ ಬಾಗಿದಾಗ ತೂಗಾಡದಂತೆ ಸಮವಸ್ತ್ರದೊಳಗಿರಲಿ.

ಹೊರಡುವ ಮೊದಲು ರಕ್ತದಲ್ಲಿ ಬಿ12 ಮತ್ತು ಡಿ ಜೀವಸತ್ವಗಳನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಜರ್ಮನಿಯ ಚಳಿಗಾಲದ ಬಿಸಿಲು ಡಿ ಜೀವಸತ್ವಕ್ಕೆ ಸಾಲದು. ದಣಿವು, ಮೈಕೈ ನೋವು, ಮಂಕು ಇವನ್ನೆಲ್ಲ ತವರಿನ ನೆನಪಿಗೆ ಹಚ್ಚಿ ಸುಮ್ಮನಿರಬಾರದು. ರೋಗಿಯನ್ನು ಎತ್ತುವ ಸರಿಯಾದ ಕ್ರಮವನ್ನು ಮೊದಲ ವಾರದಿಂದಲೇ ಪಾಲಿಸದವರು ಬೆನ್ನುನೋವನ್ನು ಬೇಗ ತಂದುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಭಾಷೆ. ಪಾಠ, ವರದಿ, ಕೊನೆಯ ಸರಕಾರಿ ಪರೀಕ್ಷೆ ಎಲ್ಲವೂ ಜರ್ಮನ್ ಭಾಷೆಯಲ್ಲಿಯೇ. ಬಿ1 ಅಥವಾ ಬಿ2 ಎಂಬ ಹಂತದ ಪ್ರಮಾಣಪತ್ರ ಕೇಳುತ್ತಾರೆ. ಹಲ್ಲಿಲ್ಲದ ಅಜ್ಜಿಯ ಪ್ರಾಂತೀಯ ನುಡಿ ಮಾತ್ರ ಯಾವ ಪ್ರಮಾಣಪತ್ರಕ್ಕೂ ಸಿಕ್ಕದು. ಮೊದಲ ಆರು ತಿಂಗಳು ಪರೀಕ್ಷಾರ್ಥ ಅವಧಿಯಾಗಿರುವುದರಿಂದ ಆಗ ಆಸ್ಪತ್ರೆಯು ಒಪ್ಪಂದವನ್ನು ಮುರಿಯಬಹುದು. ಆದುದರಿಂದ ಸಾಲ ಮಾಡಿ ದಲ್ಲಾಳಿಗೆ ಲಕ್ಷಗಟ್ಟಲೆ ಕೊಡುವ ಬದಲು ಒಂದು ವರ್ಷ ಇಲ್ಲಿಯೇ ಭಾಷೆ ಕಲಿಯಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ರಮಬದ್ಧ ತರಗತಿಗಳೂ ಪರೀಕ್ಷೆಗಳೂ ಇವೆ.

ಇಲ್ಲಿಯೇ ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಒಂದೆರಡು ವರ್ಷ ದುಡಿದು, ಆಮೇಲೆ ಹೋಗುವ ಮಾರ್ಗವೂ ಉಂಟು. ಅಲ್ಲಿ ಅರ್ಹತೆಯನ್ನು ಮಾನ್ಯ ಮಾಡಿಸಿಕೊಂಡು ಪೂರ್ಣ ಶುಶ್ರೂಷಕಿಯಾಗಬಹುದು. ಕೇರಳ ಸರಕಾರದ ನೋರ್ಕಾ ಸಂಸ್ಥೆಯು 2021ರಲ್ಲಿ ಜರ್ಮನಿಯ ಉದ್ಯೋಗ ಇಲಾಖೆಯೊಡನೆ ಇಂಥದೇ ಒಪ್ಪಂದ ಮಾಡಿಕೊಂಡಿತು. ಹದಿನೆಂಟು ವರ್ಷದ ಮಗುವಿಗಿಂತ ಇಪ್ಪತ್ನಾಲ್ಕು ವರ್ಷದ ಅನುಭವಿಗೆ ಪರದೇಶದ ಭಾರ ಹಗುರ. ಮರಳಿ ಬರುವ ಆಸೆಯುಳ್ಳವರಿಗೂ ಇದೇ ಲೇಸು. ಹೊರದೇಶದ ನರ್ಸಿಂಗ್ ಅರ್ಹತೆಗೆ ಇಲ್ಲಿ ಸಮಾನತೆಯ ಮಾನ್ಯತೆ ಪಡೆಯದೆ ನೋಂದಣಿ ಆಗುವುದಿಲ್ಲ.

ಮಠಗಳ ಆಶ್ರಯದ ನರ್ಸಿಂಗ್ ಕಾಲೇಜುಗಳೂ ಆಸ್ಪತ್ರೆಗಳೂ ನಮ್ಮ ನಾಡಿನಲ್ಲಿ ಹಲವಿವೆ. ಅಲ್ಲಿ ಸಂಜೆಯ ಹೊತ್ತು ಜರ್ಮನ್ ತರಗತಿ ನಡೆಯಲಿ. ಹೊರಡಬಯಸುವ ಪ್ರತಿ ವಿದ್ಯಾರ್ಥಿಯೂ ಅರ್ಜಿ ಹಾಕುವ ಮೊದಲು ಆರು ವಾರ ಮಠದ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಹಿರಿಯರ ಮೈ ತೊಳೆಸಿ, ಉಣ್ಣಿಸಿ ನೋಡಲಿ. ಆ ದಿನಗಳಲ್ಲಿ ತಂದೆತಾಯಿಗಳೂ ಒಮ್ಮೆ ಬಂದು ಪಕ್ಕದಲ್ಲಿ ನಿಂತು ಕಾಣಲಿ. ಇದಕ್ಕೆ ಬೇಕಾದುದು ಒಬ್ಬ ಭಾಷಾ ಶಿಕ್ಷಕರು, ಸಂಜೆ ಖಾಲಿಯಿರುವ ಒಂದು ಕೊಠಡಿ ಮತ್ತು ಮೇಲ್ವಿಚಾರಣೆಗೆ ಒಬ್ಬ ಹಿರಿಯ ಶುಶ್ರೂಷಕಿ. ಬರುವ ಶೈಕ್ಷಣಿಕ ವರ್ಷದಲ್ಲಿಯೇ ಆರಂಭಿಸಬಹುದು.