ಚೆಕ್‌ಸಮ್ ಹಾಕಿದ್ರೆ ಸಾಕಾ?

ನನ್ನ ಹಳೇ ಆಫೀಸಿನಲ್ಲಿ ದಿನಾ ರಾತ್ರಿ ಡೇಟಾಬೇಸಿನ ಬ್ಯಾಕಪ್ ಇನ್ನೊಂದು ಸರ್ವರ್‌ಗೆ ಹೋಗ್ತಿತ್ತು. ಆಮೇಲೆ ಒಂದು ಪೈಥಾನ್ ಸ್ಕ್ರಿಪ್ಟು ಆ ಫೈಲಿನ ಎಂಡಿ5 ಚೆಕ್‌ಸಮ್ ಲೆಕ್ಕ ಹಾಕಿ ಲಾಗ್‌ನಲ್ಲಿ "ಓಕೆ" ಅಂತ ಬರೀತಿತ್ತು. ಒಂದು ದಿನ ಡಿಸ್ಕ್ ಕೈಕೊಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಫೈಲು ಅರ್ಧಕ್ಕೇ ನಿಂತಿದೆ. ಹಿಂದಿನ ದಿನದ್ದೂ ಅಷ್ಟೇ. ಮೂರು ವಾರ ಅಷ್ಟೇ. ಲಾಗ್ ತುಂಬಾ "ಓಕೆ".

ಸ್ಕ್ರಿಪ್ಟ್ ಬಿಚ್ಚಿ ನೋಡಿದೆವು. ಕಾಪಿ ಆದ ಮೇಲೆ, ಕಾಪಿಯದೇ ಚೆಕ್‌ಸಮ್! ಮೂಲ ಫೈಲಿನ ಜೊತೆ ಹೋಲಿಸುವ ಸಾಲೇ ಇಲ್ಲ. ಅದನ್ನು ಬರೆದ ಮಹಾನುಭಾವ ನಾನೇ. ಆದರೆ ಹಳೇ ಇಮೇಲ್ ಹುಡುಕಿ ಮೂರು ವಾರದ ಆರ್ಡರ್‌ಗಳನ್ನ ಕೈಯಾರೆ ತುಂಬಿಸಿದ್ದು ಸಪೋರ್ಟಿನ ಇಬ್ಬರು ಹುಡುಗಿಯರು.

ನಮ್ಮ ಐಟಿ ಮಂದಿಗೆ ಚೆಕ್‌ಸಮ್ ಲೆಕ್ಕ ಹಾಕೋದು ಚೆನ್ನಾಗಿ ಗೊತ್ತು, ಹೋಲಿಸೋದು ಗೊತ್ತಿಲ್ಲ. ಬ್ಯಾಂಕಿನವರು ಚೆಕ್ಕಿನ ಮೇಲಿನ ಸಹಿಯನ್ನ ಅದೇ ಚೆಕ್ಕಿನ ಜೊತೆ ಹೋಲಿಸಿ ದುಡ್ಡು ಕೊಟ್ಟರೆ ಸುಮ್ನಿರ್ತೀವಾ?

ಡೌನ್‌ಲೋಡ್ ಪುಟಗಳದ್ದೂ ಇದೇ ಕಥೆ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ವೆಬ್‌ಸೈಟಿಗೆ ನುಗ್ಗಿದವರು ಲಿಂಕ್ ತಿರುಗಿಸಿ, ಹಿಂಬಾಗಿಲು ಇಟ್ಟ ಐಎಸ್‌ಓ ಫೈಲನ್ನ ಜನರಿಗೆ ಹಂಚಿದರು. ಪುಟದ ಲಿಂಕನ್ನೇ ತಿದ್ದಬಲ್ಲವನಿಗೆ ಪಕ್ಕದಲ್ಲಿರೋ 32 ಅಕ್ಷರ ತಿದ್ದೋದು ಕಷ್ಟವಾ? ಜಿಪಿಜಿ ಸಹಿ ಇರೋದೇ ಅದಕ್ಕೆ. ಅದನ್ನ ಪರೀಕ್ಷಿಸೋರು ನಮ್ಮಲ್ಲಿ ಎಷ್ಟು ಜನ?

ಇನ್ನು ಎಂಡಿ5. ಎರಡು ಬೇರೆ ಫೈಲಿಗೆ ಒಂದೇ ಎಂಡಿ5 ಬರಿಸಬಹುದು ಅಂತ ಚೀನಾದ ವಾಂಗ್ ಶಿಯಾವ್‌ಯುನ್ ತಂಡ 2004ರಲ್ಲೇ ತೋರಿಸಿತು. 2012ರಲ್ಲಿ ಸಿಕ್ಕಿಬಿದ್ದ ಫ್ಲೇಮ್ ಮಾಲ್‌ವೇರ್ ಇದೇ ದೌರ್ಬಲ್ಯ ಹಿಡಿದು ಮೈಕ್ರೋಸಾಫ್ಟಿನ ನಕಲಿ ಸರ್ಟಿಫಿಕೇಟ್ ಹೊತ್ತು ಓಡಾಡಿತ್ತು. ದಾರಿಯಲ್ಲಿ ಕೆಟ್ಟ ಫೈಲನ್ನ ಹಿಡಿಯೋಕೆ ಎಂಡಿ5 ಇವತ್ತಿಗೂ ಸಾಕು, ಒಪ್ತೀನಿ. ಕಳ್ಳನನ್ನ ಹಿಡಿಯೋಕೆ ಸಾಲದು. ಎಸ್‌ಎಚ್‌ಎ-256ಗೆ ಹೋಗೋಕೆ ಕೋಡಿನಲ್ಲಿ ಬದಲಿಸಬೇಕಾದ್ದು ಒಂದೇ ಪದ, ಅದಕ್ಕೂ ನಮಗೆ ಸೋಮಾರಿತನ.

"ದೊಡ್ಡ ಫೈಲು, ರ‍್ಯಾಮ್ ತುಂಬಿಹೋಗುತ್ತೆ" ಅನ್ನೋ ನೆಪಾನೂ ಈಗ ನಡೆಯಲ್ಲ. ಪೈಥಾನ್ 3.11ರಿಂದ ಹ್ಯಾಶ್‌ಲಿಬ್‌ನಲ್ಲಿ ಫೈಲ್_ಡೈಜೆಸ್ಟ್ ಅಂತಲೇ ಒಂದು ಫಂಕ್ಷನ್ ಇದೆ. ತುಂಡು ತುಂಡಾಗಿ ಓದಿಕೊಳ್ಳುತ್ತೆ. ಅದಕ್ಕೂ ಮುಂಚೆ ಲೂಪ್ ಬರೆದರೆ ನಾಲ್ಕೈದು ಸಾಲು, ಅಷ್ಟೇ.

ನಾಳೆ ಆಫೀಸಿಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ಟೆಸ್ಟ್ ಸರ್ವರ್‌ನಲ್ಲಿ ಕಾಪಿ ಆದ ಫೈಲಿನ ಕೊನೆಯ ಒಂದೇ ಒಂದು ಬೈಟ್ ಕತ್ತರಿಸಿ, ನಿಮ್ಮ ಸ್ಕ್ರಿಪ್ಟ್ ಓಡಿಸಿ. ಆಗಲೂ ಅದು "ಓಕೆ" ಅಂದರೆ, ಮಧ್ಯಾಹ್ನದ ಊಟಕ್ಕೆ ಮುಂಚೆ ನಿಮ್ಮ ಮ್ಯಾನೇಜರ್‌ಗೆ ಹೇಳಿ. ನಾನು ಹೇಳೋ ಹೊತ್ತಿಗೆ ಮೂರು ವಾರ ಆಗಿತ್ತು.