ಟಿವಿ ಚರ್ಚೆಯಲ್ಲಿ ಸುಳ್ಳು ಕೇಳಿದಿರಾ? ಬೈದು ಫಾರ್ವರ್ಡ್ ಮಾಡಿದರೆ ಚಾನೆಲ್‌ಗೆ ಬಿಸಿ ಮುಟ್ಟುತ್ತದೆಯೇ?

ಟಿವಿ ಚರ್ಚೆಯೊಂದರ ಇಪ್ಪತ್ತು ಸೆಕೆಂಡಿನ ತುಣುಕು. ಅದರ ಮೇಲೆ ಕೆಂಪು ಅಕ್ಷರದಲ್ಲಿ ‘ಈ ಚಾನೆಲ್‌ಗೆ ಬುದ್ಧಿ ಕಲಿಸಿ, ಎಲ್ಲ ಗ್ರೂಪಿಗೂ ಕಳಿಸಿ’ ಎಂಬ ಸಾಲು. ಇಂಥ ಮೆಸೇಜ್ ನಿಮಗೂ ಬಂದಿರುತ್ತದೆ. ನರಿಕೊಂಬಿನ ಫ್ಯಾಮಿಲಿ ಗ್ರೂಪಿನಿಂದ ಹೊರಟದ್ದು ದುಬೈಗೆ ಹೋಗಿ, ಮೂಡುಬಿದಿರೆ ಸುತ್ತಿ, ಮೂರನೇ ದಿನ ಮತ್ತೆ ನರಿಕೊಂಬಿಗೇ ಬರುತ್ತದೆ. ಅಷ್ಟೂ ಸುತ್ತಿನಲ್ಲಿ ಅದು ತಲುಪದ ಜಾಗ ಒಂದೇ, ಆ ಚಾನೆಲ್‌ನ ಕಚೇರಿ.

‘ದೂರು ಕೊಟ್ಟರೆ ಏನೂ ಆಗುವುದಿಲ್ಲ, ಶೇರ್ ಮಾಡುವುದೇ ದಾರಿ’ ಎಂಬ ನಂಬಿಕೆ ಎಷ್ಟು ನಿಜ ನೋಡೋಣ.

ನೀವು ನೋಡಿದರೆ ಟಿಆರ್‌ಪಿ ಏರುತ್ತದೆಯೇ?

ಬಹುತೇಕ ಮನೆಗಳ ಮಟ್ಟಿಗೆ ಇಲ್ಲ. ದೇಶದಲ್ಲಿ ಟಿವಿ ರೇಟಿಂಗ್ ಅಳೆಯುವುದು ‘ಬಾರ್ಕ್’ ಎಂಬ ಸಂಸ್ಥೆ. 2025ರಲ್ಲಿ ಅದು ಮೀಟರ್ ಇಟ್ಟಿದ್ದದ್ದು ಇಡೀ ದೇಶದಲ್ಲಿ ಸುಮಾರು 58,000 ಮನೆಗಳಲ್ಲಿ ಮಾತ್ರ. ಚಾನೆಲ್‌ನ ಧ್ವನಿಯಲ್ಲಿ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿರುತ್ತದೆ, ಮೀಟರ್ ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಎಂಬುದನ್ನು ಮನೆಯವರು ಬಟನ್ ಒತ್ತಿ ತಿಳಿಸಬೇಕು. ನಿಮ್ಮ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ನೀವು ಕೋಪದಿಂದ ಚಾನೆಲ್ ಬದಲಿಸಿದರೂ ಅಷ್ಟೇ, ರಾತ್ರಿಯಿಡೀ ನೋಡಿದರೂ ಅಷ್ಟೇ. ಮಿಸ್ಡ್ ಕಾಲ್‌ಗೂ ಟಿಆರ್‌ಪಿಗೂ ಸಂಬಂಧವೇ ಇಲ್ಲ.

ಮೊಬೈಲಿನ ಲೆಕ್ಕ ಬೇರೆ. ಅದೇ ಚರ್ಚೆಯ ಯೂಟ್ಯೂಬ್ ಲಿಂಕನ್ನು ‘ನೋಡಿ ಎಷ್ಟು ಕೆಟ್ಟದಾಗಿ ಮಾತಾಡಿದ್ದಾರೆ’ ಎಂದು ನೀವು ಕಳಿಸಿದರೆ, ತೆರೆದು ನೋಡುವ ಪ್ರತಿಯೊಬ್ಬರ ವೀಕ್ಷಣೆಯೂ ಆ ಚಾನೆಲ್ ಖಾತೆಗೇ ಜಮೆ. ಬೈಗುಳದ ಕಾಮೆಂಟೂ ಕಾಮೆಂಟೇ. ಡಿಸ್‌ಲೈಕ್ ಒತ್ತಿದವರ ಸಂಖ್ಯೆಯನ್ನು ಸಾರ್ವಜನಿಕರಿಗೆ ತೋರಿಸುವುದನ್ನೂ ಯೂಟ್ಯೂಬ್ 2021ರ ನವೆಂಬರ್‌ನಲ್ಲೇ ನಿಲ್ಲಿಸಿದೆ. ಅಂದರೆ ಕೋಪದಿಂದ ಮಾಡಿದ ಫಾರ್ವರ್ಡ್ ಆ ಚಾನೆಲ್‌ಗೆ ಪುಕ್ಕಟೆ ಪ್ರಚಾರ.

ದೂರು ಕೊಟ್ಟು ಏನಾದರೂ ಆದದ್ದುಂಟೇ?

ಉಂಟು, ಅದೂ ಕನ್ನಡದ ಚಾನೆಲ್‌ಗಳ ವಿಷಯದಲ್ಲೇ. 2020ರ ಮಾರ್ಚ್–ಏಪ್ರಿಲ್ ನೆನಪಿಸಿಕೊಳ್ಳಿ. ಕೊರೊನಾ ಭಯ ಎಷ್ಟಿತ್ತೆಂದರೆ, ಕೋವಿಡ್‌ನಿಂದ ತೀರಿಕೊಂಡ ಬಂಟ್ವಾಳದವರೊಬ್ಬರ ಅಂತ್ಯಸಂಸ್ಕಾರಕ್ಕೆ ಮಂಗಳೂರಿನಲ್ಲಿ ಜನರೇ ಅಡ್ಡ ನಿಂತಿದ್ದರು. ಚಿತೆಯ ಹೊಗೆಯಿಂದ ಸೋಂಕು ಬರುತ್ತದೆ ಎಂಬ ತಪ್ಪು ಕಲ್ಪನೆ ಹಬ್ಬಿದ್ದ ದಿನಗಳವು. ಅದೇ ಹೊತ್ತಿಗೆ ದೆಹಲಿಯ ನಿಜಾಮುದ್ದೀನ್‌ನ ತಬ್ಲೀಗಿ ಜಮಾತ್ ಸಭೆಯ ಬಗ್ಗೆ ಟಿವಿಗಳಲ್ಲಿ ಕಾರ್ಯಕ್ರಮಗಳ ಮೇಲೆ ಕಾರ್ಯಕ್ರಮ. ಸೋಂಕಿನ ಸುದ್ದಿ ನೋಡನೋಡುತ್ತಿದ್ದಂತೆ ಒಂದು ಸಮುದಾಯದ ಮೇಲಿನ ಆರೋಪವಾಯಿತು. ಬೀದಿಯಲ್ಲಿ ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವ ಮಟ್ಟಕ್ಕೆ ಅದು ಇಳಿದದ್ದನ್ನು ನಾವೆಲ್ಲ ಕಂಡಿದ್ದೇವೆ.

ಆಗ ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ಆ ಕಾರ್ಯಕ್ರಮಗಳ ಬಗ್ಗೆ ಲಿಖಿತ ದೂರು ಕೊಟ್ಟಿತು. ವಿಚಾರಣೆ ಮಾಡಿದ್ದು ಸುದ್ದಿವಾಹಿನಿಗಳೇ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ (ಈಗಿನ ಹೆಸರು ಎನ್‌ಬಿಡಿಎಸ್‌ಎ). ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅದರ ಅಧ್ಯಕ್ಷರಾಗಿದ್ದರು. 2021ರ ಜೂನ್‌ನಲ್ಲಿ ಆದೇಶ ಬಂತು: ನ್ಯೂಸ್18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ ದಂಡ ಮತ್ತು ಪರದೆಯ ಮೇಲೆ ವಿಷಾದ ಪ್ರಕಟಿಸುವಂತೆ ಸೂಚನೆ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ, ಇಂಗ್ಲಿಷಿನ ಟೈಮ್ಸ್ ನೌಗೆ ಛೀಮಾರಿ.

ಹಾಗಂತ ಎಲ್ಲ ಸರಿಯಾಯಿತು ಎಂದು ಹೇಳಿದರೆ ಅದೂ ಇನ್ನೊಂದು ಫಾರ್ವರ್ಡ್ ಆದೀತು. ಕಾರ್ಯಕ್ರಮ ಬಂದದ್ದಕ್ಕೂ ಆದೇಶ ಬಂದದ್ದಕ್ಕೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೋಗಿತ್ತು. ಕಾರ್ಯಕ್ರಮ ನೋಡಿದವರಲ್ಲಿ ಎಷ್ಟು ಜನರಿಗೆ ದಂಡದ ಸುದ್ದಿ ತಿಳಿದಿದೆ? ನಿಮ್ಮ ಗ್ರೂಪಿನಲ್ಲೇ ಕೇಳಿ ನೋಡಿ. ಒಂದು ಲಕ್ಷ ರೂಪಾಯಿ ದಂಡ ದೊಡ್ಡ ಚಾನೆಲ್‌ಗೆ ಯಾವ ಲೆಕ್ಕ ಎಂಬ ಪ್ರಶ್ನೆಯನ್ನು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಎತ್ತಿತು. ನನ್ನ ಅಭಿಪ್ರಾಯವೂ ಅದೇ. ಆದರೂ ‘ಇಂಥ ಕಾರ್ಯಕ್ರಮ ತಪ್ಪು’ ಎಂದು ದಾಖಲೆಯಲ್ಲಿ ಉಳಿದದ್ದು ಆ ದೂರಿನಿಂದಲೇ, ಲಕ್ಷಾಂತರ ಬೈಗುಳಗಳಿಂದ ಅಲ್ಲ.

ಈಗ ಗಡುವು ಇದೆ

2021ರ ಜೂನ್ 17ರಂದು ಕೇಬಲ್ ಟಿವಿ ನಿಯಮಗಳಿಗೆ ತಿದ್ದುಪಡಿ ಬಂತು. ಅದರಂತೆ ದೂರು ಮೊದಲು ಚಾನೆಲ್‌ಗೇ ಹೋಗಬೇಕು. ಪ್ರತಿ ಚಾನೆಲ್‌ನಲ್ಲೂ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ತಲುಪಿದ್ದನ್ನು 24 ಗಂಟೆಯೊಳಗೆ ತಿಳಿಸಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ, ಮುಂದಿನ 15 ದಿನದೊಳಗೆ ಆ ಚಾನೆಲ್ ಸದಸ್ಯನಾಗಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಆ ಸಂಸ್ಥೆಗೆ 60 ದಿನದ ಗಡುವು. ಅದರ ಮೇಲೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ವಕೀಲರು ಬೇಕಿಲ್ಲ, ಇಮೇಲ್ ಸಾಕು.

ಆದರೆ ಏನು ಬರೆಯುತ್ತೀರಿ ಎಂಬುದು ಮುಖ್ಯ. ‘ನಿರೂಪಕ ಕಿರುಚುತ್ತಾನೆ, ನಮ್ಮ ಪಕ್ಷದ ವಿರುದ್ಧ ಮಾತಾಡುತ್ತಾನೆ’ ಎಂಬುದು ಅನಿಸಿಕೆ. ದೂರು ನಿಲ್ಲಬೇಕಾದರೆ ಕಾರ್ಯಕ್ರಮ ಸಂಹಿತೆ ಮೀರಿರಬೇಕು. ಧರ್ಮ ಅಥವಾ ಸಮುದಾಯಗಳ ಮೇಲಿನ ದಾಳಿ, ಮಾನಹಾನಿ, ಉದ್ದೇಶಪೂರ್ವಕ ಸುಳ್ಳು, ಅರ್ಧಸತ್ಯ ಇವೆಲ್ಲ ಆ ಸಂಹಿತೆಯಲ್ಲಿ ನಿಷಿದ್ಧ. ಉದಾಹರಣೆಗೆ, ಮಳೆಗಾಲದಲ್ಲಿ ‘ತುಂಬೆ ಅಣೆಕಟ್ಟು ಒಡೆದಿದೆ’ ಎಂದು ಯಾವುದೋ ಚರ್ಚೆಯಲ್ಲಿ ಆಧಾರವಿಲ್ಲದೆ ಹೇಳಿದರು ಎಂದುಕೊಳ್ಳಿ. ಚಾನೆಲ್ ಹೆಸರು, ಕಾರ್ಯಕ್ರಮದ ಹೆಸರು, ದಿನ, ಗಂಟೆ, ಅವರು ಆಡಿದ ಮಾತು ಹಾಗೆಯೇ, ಅದು ಯಾಕೆ ಸುಳ್ಳು ಎಂಬುದಕ್ಕೆ ಒಂದು ಆಧಾರ. ಇಷ್ಟಿದ್ದರೆ ಅರ್ಧ ಪುಟ ಸಾಕು. ತಡ ಮಾಡಬೇಡಿ. ಚಾನೆಲ್‌ಗಳು ಪ್ರಸಾರದ ರೆಕಾರ್ಡಿಂಗ್ ಇಟ್ಟುಕೊಳ್ಳಬೇಕಾದ ಅವಧಿ 90 ದಿನ ಮಾತ್ರ. ಕತ್ತರಿಸಿದ ತುಣುಕನ್ನೇ ನಂಬಿ ದೂರು ಬರೆಯುವುದೂ ಬೇಡ. ಪೂರ್ತಿ ಕಾರ್ಯಕ್ರಮ ನೋಡಿದಾಗ, ಆ ಮಾತನ್ನು ನಿರೂಪಕರೇ ಅಲ್ಲಿಯೇ ತಿದ್ದಿರುವುದು ಕಾಣಬಹುದು.

‘ಪ್ರೆಸ್ ಕೌನ್ಸಿಲ್‌ಗೆ ದೂರು ಕೊಡಿ’ ಎಂಬ ಸಲಹೆಯೂ ಓಡಾಡುತ್ತದೆ. ಪ್ರೆಸ್ ಕೌನ್ಸಿಲ್ ನೋಡುವುದು ಪತ್ರಿಕೆಗಳನ್ನು, ಟಿವಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮೂರಿನ ಕೇಬಲ್ ಚಾನೆಲ್ ಆದರೆ?

ಕೇಬಲ್‌ನವರೇ ನಡೆಸುವ ಸ್ಥಳೀಯ ಚಾನೆಲ್‌ನಲ್ಲಿ ಪಂಚಾಯತ್ ನೀರಿನ ಗಲಾಟೆಯಿಂದ ಹೆದ್ದಾರಿ ಹೊಂಡದವರೆಗೆ ಎಲ್ಲವೂ ಬರುತ್ತದೆ. ಅಲ್ಲಿ ಹೇಳಿದ ಒಂದು ತಪ್ಪು ಮಾತು ನೇರವಾಗಿ ನೆರೆಮನೆಯವರಿಗೆ ತಾಗುತ್ತದೆ. ಇಲ್ಲೂ ಮೊದಲ ಪತ್ರ ಚಾನೆಲ್‌ಗೇ ಇರಲಿ. ಊರಿನವರೇ ನಡೆಸುವುದರಿಂದ ಎಷ್ಟೋ ಸಲ ಮರುದಿನವೇ ತಿದ್ದುಪಡಿ ಹಾಕುತ್ತಾರೆ. ಹಾಕದಿದ್ದರೆ 1995ರ ಕೇಬಲ್ ಟಿವಿ ಕಾಯ್ದೆಯಡಿ ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗದ ಸಹಾಯಕ ಆಯುಕ್ತರು ಮತ್ತು ಪೊಲೀಸ್ ಕಮಿಷನರ್‌ಗೆ ಇದೆ. ಬಂಟ್ವಾಳ ತಾಲೂಕು ಮಂಗಳೂರು ಕಮಿಷನರೇಟ್‌ಗೆ ಸೇರುವುದಿಲ್ಲ. ಹಾಗಾಗಿ ನರಿಕೊಂಬಿನವರು ಅರ್ಜಿ ಕೊಡಬೇಕಾದದ್ದು ಜಿಲ್ಲಾಧಿಕಾರಿ ಅಥವಾ ಸಹಾಯಕ ಆಯುಕ್ತರ ಕಚೇರಿಗೆ. ಮೂಡುಬಿದಿರೆಯವರಾದರೆ ಕಮಿಷನರ್ ಕಚೇರಿಗೂ ಕೊಡಬಹುದು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.