ವರ್ಷಕ್ಕೊಂದು ಮ್ಯಾಚ್ ಆಡಿಸಿ ಮನೆಗೆ ಕಳಿಸೋದಕ್ಕೆ ಕ್ರೀಡೆ ಅನ್ನಬೇಡಿ

ಡಿಗ್ರಿ ಓದುವ ಮೂರು ವರ್ಷದಲ್ಲಿ ಹಳ್ಳಿ ಕಡೆಯ ಹುಡುಗಿಯೊಬ್ಬಳು ತನ್ನ ಕಾಲೇಜಿನ ಪರವಾಗಿ ಎಷ್ಟು ವಾಲಿಬಾಲ್ ಪಂದ್ಯ ಆಡುತ್ತಾಳೆ? ಮೊದಲ ಸುತ್ತಿನಲ್ಲೇ ಸೋಲುವ ತಂಡದವಳಾದರೆ ಮೂರೇ ಮೂರು. ವರ್ಷಕ್ಕೊಂದು.

ತಪ್ಪು ಅವಳ ಆಟದ್ದಲ್ಲ, ಟೂರ್ನಿ ನಡೆಸುವ ರೀತಿಯದ್ದು. ನಮ್ಮ ಅಂತರ ಕಾಲೇಜು ಪಂದ್ಯಾವಳಿಗಳು ಸಾಮಾನ್ಯವಾಗಿ ನಾಕೌಟ್. ಸೋತವರು ಗಂಟು ಕಟ್ಟಬೇಕು. ಲೀಗ್ ಅಂತ ಇದ್ದರೂ ಬಹಳ ಕಡೆ ಅದು ಕೊನೆಯ ನಾಲ್ಕು ತಂಡಗಳಿಗೆ ಮಾತ್ರ.

ಲೆಕ್ಕ ನೋಡಿ. 16 ತಂಡ ಬಂದರೆ ನಾಕೌಟ್‌ನಲ್ಲಿ ಒಟ್ಟು 15 ಪಂದ್ಯ. 8 ತಂಡಗಳು ಒಂದೇ ಪಂದ್ಯಕ್ಕೆ ಮನೆಗೆ. ಇನ್ನೂ 4 ತಂಡ ಎರಡನೇ ಪಂದ್ಯಕ್ಕೆ ಮನೆಗೆ. ಬಂದ ಹುಡುಗಿಯರಲ್ಲಿ ಅರ್ಧದಷ್ಟು ಮಂದಿಗೆ ಇಡೀ ವರ್ಷದ ಕ್ರೀಡೆ ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ.

ಆ ಅರ್ಧದಲ್ಲಿ ಯಾರಿರುತ್ತಾರೆ ಅನ್ನೋದನ್ನ ಊಹಿಸೋಕೆ ಜ್ಯೋತಿಷಿ ಬೇಕಾಗಿಲ್ಲ. ಕಲಬುರಗಿ ನಗರದ ಕಾಲೇಜಿನ ಹುಡುಗಿಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಹತ್ತಿರ. ಪಕ್ಕದಲ್ಲೇ ಇನ್ನೊಂದು ಕಾಲೇಜು ಇರುವುದರಿಂದ ಅಭ್ಯಾಸಕ್ಕೆ ಎದುರಾಳಿ ಸಿಗುತ್ತಾರೆ. ಕಮಲಾಪುರದ ಹುಡುಗಿ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ಬಸ್ಸಲ್ಲಿ ಬಂದು, ಹೊಸ ಕೋರ್ಟಿನಲ್ಲಿ ಹೊಸ ಎದುರಾಳಿ ಮುಂದೆ ನಿಂತು, ಕೈಕಾಲು ಹುರುಪಾಗುವಷ್ಟರಲ್ಲಿ ಸೋತಿರುತ್ತಾಳೆ. ಮುಂದಿನ ವರ್ಷವೂ ಅದೇ ಕಥೆ. ವರ್ಷಕ್ಕೊಮ್ಮೆ ನೀರು ಹಾಯಿಸಿದರೆ ಕಮಲಾಪುರದ ಕೆಂಪು ಬಾಳೆ ಗೊನೆ ಬಿಡುತ್ತದೇನ್ರಿ?

ಸೋಲು ದೊಡ್ಡ ಮಾತಲ್ಲ. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದವರೇ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಹೋಗುವುದು. ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾಕ್ಕೆ ಅರ್ಜಿ ಹಾಕುವಾಗ ಇಂಥ ಮೇಲಿನ ಹಂತದ ಪ್ರಮಾಣಪತ್ರಕ್ಕೇ ಬೆಲೆ. ಒಂದೇ ಪಂದ್ಯ ನೋಡಿದವರ ಕಣ್ಣಿಗೆ ಹಳ್ಳಿ ಹುಡುಗಿಯ ಸ್ಮ್ಯಾಶ್ ಬೀಳೋದು ಯಾವಾಗ? ಅವಳು ಕಳಕೊಳ್ಳುತ್ತಿರುವುದು ಬರೀ ಕಪ್ ಅಲ್ಲ, ಒಂದು ನೌಕರಿಯ ದಾರಿ.

ಅಮೆರಿಕದಲ್ಲಿ ನೆಬ್ರಾಸ್ಕ ಅಂತ ಒಂದು ರಾಜ್ಯ ಇದೆ. ನಮ್ಮದು ತೊಗರಿ ನಾಡಾದರೆ ಅದು ಮೆಕ್ಕೆಜೋಳದ ನಾಡು. 2023ರ ಆಗಸ್ಟ್ 30ರಂದು ಅಲ್ಲಿನ ವಿಶ್ವವಿದ್ಯಾಲಯದ ಮಹಿಳಾ ವಾಲಿಬಾಲ್ ಪಂದ್ಯ ನೋಡೋಕೆ 92,003 ಜನ ಸೇರಿದ್ದರು. ಇದು ಪವಾಡ ಅಲ್ಲ. ಶಿಕ್ಷಣದಲ್ಲಿ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಎಂಬ ಕಾನೂನು ಅಲ್ಲಿ 1972ರಲ್ಲಿ ಬಂತು. ಕಾಲೇಜು ಕ್ರೀಡೆಗೂ ಅದು ಅನ್ವಯವಾಯಿತು. ಅಲ್ಲಿ ಹತ್ತಾರು ಕಾಲೇಜುಗಳು ಸೇರಿ 'ಕಾನ್ಫರೆನ್ಸ್' ಅಂತ ಒಂದು ಕೂಟ ಕಟ್ಟಿಕೊಳ್ಳುತ್ತವೆ. ಕೂಟದ ತಂಡಗಳು ಸೀಸನ್ನಿನ ಹೆಚ್ಚಿನ ಪಂದ್ಯಗಳನ್ನು ತಮ್ಮತಮ್ಮಲ್ಲೇ ಆಡುತ್ತವೆ. ಒಂದು ವಾರ ಇವರ ಅಂಗಳ, ಇನ್ನೊಂದು ವಾರ ಅವರ ಅಂಗಳ. ಇಂದು ಸೋತವರಿಗೆ ಮುಂದಿನ ವಾರ ಮತ್ತೆ ಪಂದ್ಯ ಇರುತ್ತದೆ.

ನಮಗೆ 92 ಸಾವಿರ ಜನ ಬೇಡ. ಆ ಪದ್ಧತಿ ಸಾಕು.

ಅದಕ್ಕೆ ಈಗ ಕಾಲವೂ ಕೂಡಿಬಂದಿದೆ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದು ಕಾಲಕ್ಕೆ ಬೀದರಿನಿಂದ ಬಳ್ಳಾರಿವರೆಗೆ ಇತ್ತು. ಬಳ್ಳಾರಿ, ರಾಯಚೂರು, ಬೀದರಿನಲ್ಲಿ ಬೇರೆ ವಿಶ್ವವಿದ್ಯಾಲಯಗಳಾದ ಮೇಲೆ ಉಳಿದಿರುವುದು ಕಲಬುರಗಿ ಜಿಲ್ಲೆ. ದೂರ ಅನ್ನೋ ನೆಪ ಇನ್ನು ನಡೆಯಲ್ಲ. 16 ತಂಡಗಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ. ಕಮಲಾಪುರ, ಕಾಳಗಿ, ಚಿಂಚೋಳಿ ಕಡೆಯವರ ಜೊತೆ ನಗರದ ಒಂದು ತಂಡ. ಆಳಂದ, ಅಫಜಲಪುರ ಕಡೆಯವರ ಜೊತೆ ಇನ್ನೊಂದು. ಜೇವರ್ಗಿ, ಸೇಡಂ ಕಡೆಯೂ ಹೀಗೇ. ಗುಂಪಿನ ಪ್ರತಿ ತಂಡ ಉಳಿದ ಮೂರರ ಜೊತೆ ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ ಆಡಲಿ. ಒಬ್ಬೊಬ್ಬ ಹುಡುಗಿಗೂ ಕಡಿಮೆ ಅಂದರೆ 6 ಪಂದ್ಯ ಸಿಗುತ್ತವೆ. ನಾಕೌಟ್ ಆಮೇಲೆ ಇಟ್ಟುಕೊಳ್ಳಿ, ಯಾರು ಬೇಡ ಅಂದರು?

"ದುಡ್ಡೆಲ್ಲಿಂದ ತರೋಣ್ರಿ?" ಅಂತ ಕೇಳುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ತಂಡದ ಜೊತೆ ಹೋಗುವ ಮೇಡಂಗೂ ಟಿಕೆಟ್ ಇಲ್ಲ. 18 ಮೀಟರ್ ಉದ್ದ, 9 ಮೀಟರ್ ಅಗಲದ ನೆಲ, ಸುಣ್ಣದ ಗೆರೆ, 2.24 ಮೀಟರ್ ಎತ್ತರಕ್ಕೆ ಕಟ್ಟಿದ ನೆಟ್, ಒಂದೆರಡು ಬಾಲ್. ಅಂಪೈರಿಂಗಿಗೆ ಆ ದಿನ ಆಟ ಇಲ್ಲದ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು. ಉಳಿದ ಖರ್ಚು ಊಟದ್ದು, ಚಹಾದ್ದು.

"ಹುಡುಗೇರೇ ಬರಲ್ಲ" ಅಂತ ಇನ್ನೊಂದು ಮಾತು. ಒಂದು ಪಂದ್ಯಕ್ಕಾಗಿ ವರ್ಷವಿಡೀ ಬೆಳಗ್ಗೆ ಎದ್ದು ಬನ್ನಿ ಅಂದರೆ ಗಂಡುಹುಡುಗರೂ ಬರಲ್ಲ. ಮೊದಲು ಆಟ ಕೊಡಿ, ಆಮೇಲೆ ಹಾಜರಿ ಕೇಳಿ.

"ಮನೆಯವರು ಕಳಿಸಲ್ಲ" ಅನ್ನೋದು ಮಾತ್ರ ಅರ್ಧ ನಿಜ. ಎರಡು ದಿನ ಹೊರಗೆ ಉಳಿಯಬೇಕು ಅಂದರೆ ಅಪ್ಪ ಅವ್ವ ಅಂಜುತ್ತಾರೆ. ಅದಕ್ಕೇ ಈ ಪದ್ಧತಿ ಒಳ್ಳೆಯದು. ಬೆಳಗ್ಗೆ ಹೋಗಿ ಕತ್ತಲಾಗುವ ಮುಂಚೆ ಮನೆ ಸೇರಬಹುದು. ಅರ್ಧದಷ್ಟು ಪಂದ್ಯ ತಮ್ಮ ಊರಲ್ಲೇ ನಡೆಯುವುದರಿಂದ ಅಪ್ಪ ಬಂದು ಕಣ್ಣಾರೆ ನೋಡಬಹುದು. ಬಟ್ಟೆ ಬದಲಾಯಿಸೋಕೆ ಬಾಗಿಲಿರುವ ಕೋಣೆ, ನೀರಿರುವ ಶೌಚಾಲಯ ಇರಲೇಬೇಕು. ಅಷ್ಟೂ ಇಲ್ಲದ ಕಾಲೇಜು ಪಾಲಕರನ್ನು ದೂರಬಾರದು.

ಓದುಗರೇ, ಎಷ್ಟೋ ಊರಲ್ಲಿ ಜಾತ್ರೆ ಬಂತೆಂದರೆ ಗಂಡುಹುಡುಗರ ವಾಲಿಬಾಲ್ ಟೂರ್ನಿಗೆ ಚಂದಾ ಎತ್ತುತ್ತೇವೆ, ಲೈಟ್ ಕಟ್ಟುತ್ತೇವೆ, ಕಪ್ ತರುತ್ತೇವೆ. ಅದೇ ಊರಿನ ಮಗಳು ಕಾಲೇಜಿನಲ್ಲಿ ಆಡುತ್ತಾಳೆ ಅನ್ನೋದು ನಮಗೆ ಗೊತ್ತೇ ಇರಲ್ಲ. ಬೈಗುಳ ಬರೀ ವಿಶ್ವವಿದ್ಯಾಲಯಕ್ಕಲ್ಲ, ನಮಗೂ ಸಲ್ಲಬೇಕು.

ಹಾಗಾಗಿ ಒಂದು ಕೆಲಸ ಮಾಡಿ. ಮಗಳ ಪ್ರವೇಶ ಶುಲ್ಕದ ರಸೀದಿ ತೆಗೆದು ನೋಡಿ. ಕ್ರೀಡಾ ಶುಲ್ಕ ಅಂತ ಒಂದು ಸಾಲು ಇದ್ದರೆ, ಆ ದುಡ್ಡಿನಲ್ಲಿ ಹುಡುಗಿಯರ ತಂಡ ಕಳೆದ ವರ್ಷ ಎಷ್ಟು ಪಂದ್ಯ ಆಡಿತು ಅಂತ ಪ್ರಾಂಶುಪಾಲರನ್ನು ಕೇಳಿ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಸರ್ಕಾರಿ ಕಾಲೇಜಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಉತ್ತರ "ಒಂದು ಪಂದ್ಯ" ಅಂತ ಬಂದರೆ ಆ ಕಾಗದ ಹಿಡಿದು ಗುಲಬರ್ಗಾ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಹೋಗೋಣ. ಮುಂದಿನ ವರ್ಷದ ವೇಳಾಪಟ್ಟಿ ಬರೆಯುವ ಮುಂಚೆಯೇ ಹೋಗೋಣ.